ಡೂಪ್ಲಿಕೇಟ್ ಅಳಿಸೋಕೂ ಕಣ್ಣೇ ಬೇಕಂತೆ!

ಈಗಷ್ಟೇ ಒಂದು ಆನ್‌ಲೈನ್ ಮೀಟಿಂಗ್ ಮುಗಿಸಿ ಎದ್ದೆ. ತಲೆ ಕೆಟ್ಟಿದೆ. ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ವಿಷಯದ ಮೇಲಿನ ಪೇಪರ್‌ಗಳನ್ನೆಲ್ಲ ಹುಡುಕಿ ಒಟ್ಟಿಗೆ ತೂಗಿ ನೋಡುವುದು) ಮಾಡುತ್ತಿರುವ ಹುಡುಗಿಯೊಬ್ಬಳು ಸಾವಿರಾರು ರೆಫರೆನ್ಸ್‌ಗಳನ್ನು ಎಕ್ಸೆಲ್‌ಗೆ ಹಾಕಿಕೊಂಡು, ಒಂದೊಂದೇ ಸಾಲು ಓದಿ ಡೂಪ್ಲಿಕೇಟ್ ಅಳಿಸುತ್ತಿದ್ದಾಳೆ. ಗೈಡ್ ಮಹಾಶಯರ ಅಪ್ಪಣೆ: "ಮಷೀನ್ ನಂಬಬೇಡಮ್ಮ, ಕಣ್ಣಾರೆ ನೋಡು."

ಏನನ್ನು ನೋಡಬೇಕು? ಪಬ್‌ಮೆಡ್, ಎಂಬೇಸ್, ಕಾಕ್ರೇನ್ ಸೆಂಟ್ರಲ್ ಅಂತ ವೈದ್ಯಕೀಯ ಪೇಪರ್‌ಗಳ ಡೇಟಾಬೇಸ್ ಎಲ್ಲದರಲ್ಲೂ ಹುಡುಕುತ್ತೇವೆ. ಎಂಬೇಸ್ ಒಳಗೇ ಪಬ್‌ಮೆಡ್‌ನ ಮುಖ್ಯ ಭಾಗವಾದ ಮೆಡ್‌ಲೈನ್‌ನ ರೆಕಾರ್ಡ್‌ಗಳು ಕೂತಿವೆ. ಸೆಂಟ್ರಲ್‌ಗೆ ಬಹುಪಾಲು ಬರುವುದೇ ಪಬ್‌ಮೆಡ್, ಎಂಬೇಸ್ ಎರಡರಿಂದ. ಅಂದಮೇಲೆ ಒಂದೇ ಪೇಪರ್ ಮೂರು ಸಲ ಬರದೆ ಇನ್ನೇನು? ಬರುವುದೂ ಮೂರು ವೇಷದಲ್ಲಿ. ಒಂದರಲ್ಲಿ ಪುಟ 1123-1129, ಇನ್ನೊಂದರಲ್ಲಿ 1123-9. ಒಂದು ಕಡೆ ಜರ್ನಲ್ ಹೆಸರು ಪೂರ್ತಿ, ಇನ್ನೊಂದು ಕಡೆ ಮೊಟಕು. ಶೀರ್ಷಿಕೆಯ ಕೊನೆಯಲ್ಲಿ ಒಂದಕ್ಕೆ ಚುಕ್ಕಿ ಇದೆ, ಇನ್ನೊಂದಕ್ಕಿಲ್ಲ. ಡಿಒಐ (ಪೇಪರಿನ ಗುರುತಿನ ಸಂಖ್ಯೆ) ನೋಡೋಣ ಅಂದರೆ ಹಳೇ ಪೇಪರ್‌ಗಳಲ್ಲಿ ಎಷ್ಟೋ ಸಲ ಆ ಜಾಗ ಖಾಲಿ. ಚುಕ್ಕಿ ತೆಗೆ, ಮೊದಲ ಪುಟ ಮಾತ್ರ ಹೋಲಿಸು, ವರ್ಷ ನೋಡು ಅಂತ ಹೇಳಿಕೊಟ್ಟರೆ ಕಂಪ್ಯೂಟರ್ ಬೇಸರವಿಲ್ಲದೆ ಮಾಡುತ್ತೆ. ಮನುಷ್ಯ ಮಾಡಲ್ಲ. ತೂಕಡಿಸುತ್ತಾನೆ.

"ಒಳ್ಳೇ ಪೇಪರ್ರೇ ಹಾರಿಹೋದರೆ?" ಹೌದು ಸಾರ್, ಹೋಗಬಹುದು. ಕಾನ್ಫರೆನ್ಸ್ ಅಬ್‌ಸ್ಟ್ರಾಕ್ಟ್‌ಗೂ ಪೂರ್ತಿ ಪೇಪರಿಗೂ ಎಷ್ಟೋ ಸಲ ಒಂದೇ ಶೀರ್ಷಿಕೆ ಇರುತ್ತೆ. ಅದಕ್ಕೇ ಅಲ್ವಾ, ಖಚಿತವಾದದ್ದನ್ನು ಒಂದು ಕಡೆ, ಅನುಮಾನದ್ದನ್ನು ಇನ್ನೊಂದು ಕಡೆ ಗುಂಪು ಮಾಡಿ ತೋರಿಸುವ ಟೂಲ್‌ಗಳು ಇರುವುದು? ಅನುಮಾನದ ಗುಂಪನ್ನು ಕಣ್ಣಾರೆ ನೋಡಿ, ಯಾರು ಬೇಡ ಅಂದರು! ರಾತ್ರಿ ಎರಡಕ್ಕೆ ಎಕ್ಸೆಲ್ ಮುಂದೆ ಕೂತವಳ ಕೈಯಲ್ಲಿ ಏನೂ ಹಾರಿಹೋಗಲ್ಲ ಅಂತ ಯಾರು ಬರೆದುಕೊಟ್ಟಿದ್ದಾರೆ? ಟೂಲ್ ಆದರೆ ಯಾವುದನ್ನು ತೆಗೆದೆ ಅಂತ ಪಟ್ಟಿಯಾದರೂ ಕೊಡುತ್ತೆ.

ನಿಜ ಹೇಳಲಾ? ಈ ಅಳಿಸುವ ಕೆಲಸದಲ್ಲಿ ಒಂದು ಹಾಳು ಸುಖ ಇದೆ. ಏನೋ ಸಾಧಿಸಿದ ಹಾಗೆ ಅನಿಸುತ್ತೆ. ಥೀಸಿಸ್ ಬರೆಯದೆ ತಪ್ಪಿಸಿಕೊಳ್ಳೋಕೆ ನಾನೂ ಇದರ ಹಿಂದೆ ಅಡಗಿದವಳೇ. ಆದರೆ ಅದನ್ನು ಸಂಶೋಧನೆ ಅಂತ ಕರೆಯಲಿಲ್ಲ, ಅಷ್ಟೇ. ರಿವ್ಯೂ ವರದಿ ಹೇಗಿರಬೇಕು ಅಂತ ಹೇಳುವ ಪ್ರಿಸ್ಮಾ 2020 ಮಾರ್ಗಸೂಚಿಯ ಚಾರ್ಟಿನಲ್ಲೂ ತೆಗೆದ ಡೂಪ್ಲಿಕೇಟ್‌ಗಳಿಗೆ ಸಿಗುವುದು ಒಂದು ಸಂಖ್ಯೆಯಷ್ಟು ಜಾಗ. ಕಣ್ಣಾರೆ ನೋಡಿದವರಿಗೆ ಎಕ್ಸ್‌ಟ್ರಾ ಮಾರ್ಕ್ಸ್ ಇಲ್ಲ.

ಕಣ್ಣು ಬೇಕಾಗುವುದು ಮುಂದೆ. ಒಂದೇ ಟ್ರಯಲ್ಲಿನ (ಮದ್ದಿನ ಪ್ರಯೋಗ) ರೋಗಿಗಳ ಡೇಟಾವನ್ನು ಬೇರೆ ಶೀರ್ಷಿಕೆ, ಬೇರೆ ಲೇಖಕರ ಹೆಸರಲ್ಲಿ ಮತ್ತೆ ಛಾಪಿಸಿರುತ್ತಾರಲ್ಲ, ಅದನ್ನು ಹಿಡಿಯೋಕೆ. 1997ರಲ್ಲಿ ಸಂಶೋಧಕ ಟ್ರಾಮರ್ ಮತ್ತು ಸಂಗಡಿಗರು ವಾಂತಿ ತಡೆಯುವ ಆಂಡಾನ್ಸೆಟ್ರಾನ್ ಟ್ರಯಲ್‌ಗಳನ್ನು ಕೆದಕಿದಾಗ, ಇಂಥ ಕದ್ದುಮುಚ್ಚಿ ಎರಡೆರಡು ಸಲ ಛಾಪಿಸಿದ ಡೇಟಾದಿಂದ ಮದ್ದಿನ ಪರಿಣಾಮ 23% ಜಾಸ್ತಿ ಕಾಣುತ್ತಿತ್ತು. ಡೂಪ್ಲಿಕೇಟ್ ಅಳಿಸುವ ಯಾವ ಟೂಲೂ ಅದನ್ನು ಹಿಡಿಯಲ್ಲ. ಆ ಹುಡುಗಿಯೂ ಹಿಡಿಯಲ್ಲ ಬಿಡಿ, ಅಷ್ಟು ಹೊತ್ತಿಗೆ ಅವಳ ಕಣ್ಣೆಲ್ಲ ಚುಕ್ಕಿ ಹುಡುಕುವುದರಲ್ಲೇ ಸವೆದಿರುತ್ತೆ.