ಸಾಲಕ್ಕೂ ಒಂದು ವಯಸ್ಸು

ಊಟ ಮುಗಿಸಿ ಸ್ವಲ್ಪ ಅಡ್ಡಾಗಿದ್ದೆ. ಫೋನು. ‘ಸರ್, ನಿಮಗೆ ಐದು ಲಕ್ಷ ಪರ್ಸನಲ್ ಲೋನ್ ಅಪ್ರೂವ್ ಆಗಿದೆ’ ಎಂದಿತು ಒಂದು ಹೆಣ್ಣುದನಿ. ಬೈಯಬೇಕು ಅನ್ನುವಷ್ಟರಲ್ಲಿ ‘ಏಜ್ ಎಷ್ಟು ಸರ್?’ ಹೇಳಿದೆ. ಫೋನೇ ಕಟ್ಟಾಯಿತು. ಬೇಡ ಅನ್ನಬೇಕಾದವನು ನಾನು ಅಲ್ವಾ?

ಚಿಕ್ಕಂದಿನಲ್ಲಿ ಸಾಲಕ್ಕೆ ನಾಚಿಕೆ ಇರಲಿಲ್ಲ. ಎಣ್ಣೆ ಬಾಟಲಿ ಹಿಡಿದು ಹೋಗಿ ‘ಅಮ್ಮ ಬರ್ಕೋಬೇಕಂತೆ’ ಎಂದು ಅಂಗಡಿಯಲ್ಲಿ ಕೂಗಿದರಾಯಿತು. ‘ಇಂದು ನಗದು, ನಾಳೆ ಉದ್ರಿ’ ಬೋರ್ಡಿನ ಕೆಳಗೇ ಕೂತು ಶೆಟ್ಟರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬರೆದುಕೊಳ್ಳುತ್ತಿದ್ದರು. ಹಾಸ್ಟೆಲಿನಲ್ಲಿ ಯಾರ ದುಡ್ಡು ಯಾರ ಜೇಬಲ್ಲಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಮದುವೆಯಾದ ಮೇಲೆ ಸಾಲ ಅಂದರೆ ಭಯ. ಮನೆ ಸಾಲ ಸಿಕ್ಕಾಗ ಮಾತ್ರ ಆಫೀಸಿಗೆಲ್ಲ ಮೈಸೂರು ಪಾಕ್ ಹಂಚಿದ್ದೆ.

ಈಗ ಸಾಲ ಮಾಡದಿರುವುದೇ ತಪ್ಪು. ಸಾಲ ಕೊಡುವ ಮುಂಚೆ ಬ್ಯಾಂಕು ನೋಡುವ ಸಿಬಿಲ್ ಸ್ಕೋರು, ಅಂದರೆ ಹಳೆಯ ಸಾಲ ಹೇಗೆ ತೀರಿಸಿದ್ದೀವಿ ಎಂಬುದಕ್ಕೆ ಕೊಡುವ ಅಂಕ, 300ರಿಂದ 900ರವರೆಗೆ ಇರುತ್ತದೆ. ಜನ್ಮದಲ್ಲಿ ಸಾಲ ಮಾಡದವನಿಗೆ ಸ್ಕೋರೇ ಇಲ್ಲ. ಹುಡುಗರು ಸೊನ್ನೆ ಬಡ್ಡಿ ಎಂದು ಫೋನು ತರುತ್ತಾರೆ. ಸೊನ್ನೆ ಬಡ್ಡಿ ಅನ್ನೋದೇ ಇಲ್ಲ, ಅದು ಪ್ರೊಸೆಸಿಂಗ್ ಫೀಯೊಳಗೆ ಅಡಗಿರುತ್ತದೆ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ಇದನ್ನು ಹೇಳಿದರೆ ಮಗ ‘ಅಪ್ಪಾ, ಪ್ಲೀಸ್’ ಅನ್ನುತ್ತಾನೆ.

ನನ್ನ ವಯಸ್ಸಿಗೆ ಸಾಲ ಅಂದರೆ ಏನು ಎಂದು ಹೇಳಬೇಕು. ಅದಕ್ಕೆ ಮೊದಲು ವಾಕಿಂಗ್ ಗೆಳೆಯರೊಬ್ಬರ ವಿಷಯ. ಪಾರ್ಕಿನ ಬೆಂಚಿನ ಮೇಲೆ ಕೂತು, ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತ, ನನ್ನ ಮುಖ ನೋಡದೆ ಎರಡು ಸಾವಿರ ಕೈಗಡ ಕೇಳಿದರು. ‘ಪೆನ್ಷನ್ ಬಂದ ತಕ್ಷಣ ಕೊಡ್ತೀನಿ.’ ಕೊಟ್ಟೆ. ನನ್ನ ಪೆನ್ಷನ್ ಬಂತು. ಅಂದ ಮೇಲೆ ಅವರದ್ದೂ ಬಂದಿರಲೇಬೇಕು, ಇಬ್ಬರೂ ಒಂದೇ ಇಲಾಖೆ. ಅವರು ಮಾತ್ರ ಎಂದಿನ ಹಾಗೇ ಬಂದು ಷೇರು ಮಾರ್ಕೆಟ್ಟು, ಸಕ್ಕರೆ ಕಾಯಿಲೆ, ಸೊಸೆಯ ಅಡುಗೆ ಎಲ್ಲ ಮಾತಾಡುತ್ತಾರೆ. ಎರಡು ಸಾವಿರ ಬಿಟ್ಟು. ಕೇಳಲು ನಾಚಿಕೆ ನನಗೆ! ಅವರು ಜೊತೆಗೆ ಸಿಗದಿರಲಿ ಎಂದು ಪಾರ್ಕನ್ನು ಉಲ್ಟಾ ಸುತ್ತತೊಡಗಿದೆ. ಈಗ ಒಂದೊಂದು ಸುತ್ತಿಗೆ ಎರಡೆರಡು ಸಲ ಎದುರಿಗೇ ಬರುತ್ತಾರೆ.

ಮೊನ್ನೆ ತಡೆದು ನಿಲ್ಲಿಸಿ ಕಾಲು ಮುಂದೆ ಚಾಚಿದರು. ಹೊಸ ಶೂ, ಕಿತ್ತಳೆ ಬಣ್ಣದ ಸೋಲು. ಮುಟ್ಟಿ ನೋಡಿ ಎಂದರು. ಬಗ್ಗಿ ಒತ್ತಿ ನೋಡಿದೆ. ಮೆತ್ತಗಿತ್ತು.

‘ಕಾರ್ಡಲ್ಲಿ ತಗೊಂಡೆ. ನಿಮಗೂ ಒಂದು ಜೊತೆ ಕೊಡಿಸ್ಲಾ? ದುಡ್ಡು ನಿಧಾನಕ್ಕೆ ಕೊಟ್ರಾಯ್ತು, ನಮ್ಮಿಬ್ಬರಲ್ಲಿ ಏನಂತೆ’ ಎಂದರು.