ನವಾಬರಿಗೆ ಸಿಮೆಂಟು ಸಿಕ್ಕಿದ್ದರೆ

ಚಿತ್ರದುರ್ಗದ ಏಳುಸುತ್ತಿನ ಕೋಟೆ ಗೆಲ್ಲಲು ಹೈದರಾಲಿ ಪಟ್ಟ ಪಾಡು ನೆನೆದರೆ ಪಾಪ ಅನ್ನಿಸುತ್ತದೆ. ದಂಡು ಕಟ್ಟಿಕೊಂಡು ಬಂದರು, ಮುತ್ತಿಗೆ ಹಾಕಿದರು, ವಾಪಸು ಹೋದರು, ಮತ್ತೆ ಬಂದರು. ಕಿಂಡಿಯಲ್ಲಿ ನುಸುಳಿದ ಸಿಪಾಯಿಗಳನ್ನು ಓಬವ್ವ ಒನಕೆಯಲ್ಲೇ ಮುಗಿಸಿದಳು. ಕೊನೆಗೆ 1779ರಲ್ಲಿ ಒಳಗಿನವರನ್ನು ಒಲಿಸಿಕೊಂಡ ಮೇಲಷ್ಟೇ ಮದಕರಿ ನಾಯಕ ಕೈಗೆ ಸಿಕ್ಕಿದ್ದು. ಇಷ್ಟೆಲ್ಲ ಆದರೂ ಗೋಡೆ ಜಗ್ಗಲಿಲ್ಲ. ನವಾಬರು ಎಡವಿದ್ದು ಒಂದೇ ಕಡೆ: ಫಿರಂಗಿ ತಂದರು, ಎಸ್ಟಿಮೇಟ್ ತರಲಿಲ್ಲ.

ಇವತ್ತು ಬೆಟ್ಟದ ಕೋಟೆ ಬೀಳಿಸಲು ಸೈನ್ಯ ಬೇಡ. ‘ಜೀರ್ಣೋದ್ಧಾರ’ ಎಂದು ಬೋರ್ಡು ಬರೆಸಿ, ನಲವತ್ತು ಮೂಟೆ ಸಿಮೆಂಟು, ಎರಡು ಲೋಡು ಎಂ-ಸ್ಯಾಂಡ್ ಇಳಿಸಿದರಾಯಿತು. ಚಿತ್ರದುರ್ಗಕ್ಕಾದರೆ ಟಿಕೆಟಿದೆ, ಕಾವಲಿದೆ, ಕಾಯ್ದೆಯ ಹೆದರಿಕೆಯೂ ಇದೆ. ಪಾಳೇಗಾರನ ಕಥೆಯೊಂದನ್ನು ಬಿಟ್ಟು ಬೇರೆ ಯಾವ ಆಸರೆಯೂ ಇಲ್ಲದ, ಯಾವ ಪಟ್ಟಿಗೂ ಸೇರದ ಗುಡ್ಡದ ಕೋಟೆಗಳೇ ಈ ಸೇವೆಗೆ ಪ್ರಶಸ್ತ.

ಮೊದಲು ಸಾಮಾನು ಮೇಲೆ ಹೋಗಬೇಕು. ಆನೆ ಓಡಿಬಂದು ಕದಕ್ಕೆ ಗುದ್ದಬಾರದೆಂದು ಹಿಂದಿನವರು ಬಾಗಿಲುಗಳನ್ನು ನೇರಕ್ಕಿಡದೆ ತಿರುವಿನಲ್ಲಿಟ್ಟಿದ್ದಾರೆ. ಟಿಪ್ಪರ್‌ಗೂ ಅದೇ ತೊಂದರೆ. ಆನೆಗೆ ಜೆಸಿಬಿ ಇರಲಿಲ್ಲ, ನಮಗಿದೆ. ತಿರುವಿನ ಗೋಡೆ ಹತ್ತಡಿ ಕಿತ್ತು ‘ಸಂಪರ್ಕ ರಸ್ತೆ’ ಎಂದು ಬರೆದುಕೊಳ್ಳಬಹುದು.

ಇನ್ನು ಅಸಲು ಕೆಲಸ. ಕೋಟೆಯ ಹೊರಗೋಡೆ ಸಾಮಾನ್ಯವಾಗಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ್ದು. ಒಳಹೊಟ್ಟೆಯಲ್ಲಿ ಮಣ್ಣು, ಚೂರುಗಲ್ಲು ತುಂಬಿರುತ್ತದೆ. ಮಳೆ ನೀರು ಮೇಲಿನಿಂದ ಇಳಿದು, ಕಲ್ಲಿನ ಸಂದುಗಳಲ್ಲಿ ಜಿನುಗಿ ಹೊರಗೆ ಹೋಗುತ್ತದೆ. ನೂರಾರು ಮಳೆಗಾಲ ಗೋಡೆ ನಿಂತದ್ದು ಈ ಜಿನುಗಿನಿಂದಲೇ. ಮೇಸ್ತ್ರಿ ಬಂದವನು ಈ ಸಂದುಗಳನ್ನು ನೋಡಿ “ಛೆ, ಬಿರುಕು!” ಅನ್ನುತ್ತಾನೆ. ಸಿಮೆಂಟು ಒಂದಕ್ಕೆ ಮರಳು ನಾಲ್ಕರಂತೆ ಕಲಸಿ ಎಲ್ಲ ಸಂದಿಗೂ ನೀಟಾಗಿ ಪಾಯಿಂಟಿಂಗ್ ಮಾಡಿ, ಬುಡದಲ್ಲಿರುವ ನೀರಿನ ಕಿಂಡಿಗೂ ಒಂದು ಕರಣೆ ಬಡಿಯುತ್ತಾನೆ. ಓಬವ್ವ ಕಾದದ್ದು ಒಂದೇ ಕಿಂಡಿ. ಈತ ಒಂದನ್ನೂ ಬಿಡುವುದಿಲ್ಲ. ಮುಂದಿನ ಮಳೆಗೆ ಮೇಲಿನಿಂದ ಇಳಿದ ನೀರು ಒಳಗೇ ನಿಲ್ಲುತ್ತದೆ, ಮಣ್ಣು ಉಬ್ಬುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ಆ ಹೊಟ್ಟೆ ನೋಡಿದ ಅಧಿಕಾರಿ “ಇನ್ನೊಂದು ಕೋಟ್ ಹೊಡೀರಿ” ಅನ್ನುತ್ತಾರೆ.

ಮೇಲಿನ ಇಟ್ಟಿಗೆಯ ಕೈಪಿಡಿ ಗೋಡೆಗೆ ಸುಣ್ಣದ ಗಾರೆಯೇ ಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಬೇಕು. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ ಎರಡು ಮೂರು ವಾರ ನೆನೆಯಲು ಬಿಡಬೇಕು. ಅವಸರಪಟ್ಟರೆ ಅರಳದೆ ಉಳಿದ ಹರಳು ಗೋಡೆಗೆ ಹೋದ ಮೇಲೆ ಅರಳಿ, ಗುಳ್ಳೆ ಎದ್ದು ಉದುರುತ್ತದೆ. ಆಮೇಲೆ ಒಂದು ಪಾಲಿಗೆ ಎರಡು ಮೂರು ಪಾಲು ಮರಳು, ಇಟ್ಟಿಗೆ ಪುಡಿಯಾದ ಸುರ್ಕಿ, ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಹಾಕಿ ಗಾಣದಲ್ಲಿ ಅರೆಯಬೇಕು. ಬಳಿದ ಮೇಲೂ ಗಾಳಿಯನ್ನು ಕುಡಿದು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಬಿಲ್ಲು ಮಾತ್ರ ಮಾರ್ಚ್ 31ರೊಳಗೆ ಪಾಸಾಗಬೇಕು. ಸುಣ್ಣಕ್ಕೆ ಮಾರ್ಚ್ ಗೊತ್ತಿಲ್ಲ. ಸಾಲದ್ದಕ್ಕೆ ಬೆಲ್ಲ, ಅಳಲೆಕಾಯಿ ಎಂದು ಓಚರ್ ಕೊಟ್ಟರೆ ಇದು ಕಾಮಗಾರಿಯೋ ಕಷಾಯವೋ ಎಂದು ಆಡಿಟ್‌ನವರು ಕೇಳುತ್ತಾರೆ. ಹಾಗಾಗಿ ಅಲ್ಲಿಗೂ ಸಿಮೆಂಟೇ. ಸಿಮೆಂಟು ಗಟ್ಟಿ, ಹಳೆಯ ಇಟ್ಟಿಗೆ ಮೆತ್ತಗೆ. ಸಿಮೆಂಟು ದಾರಿ ಬಿಡದ್ದರಿಂದ ತೇವ ಇಟ್ಟಿಗೆಯ ಮೂಲಕವೇ ಹೊರಬರಬೇಕು, ಉಪ್ಪೂ ಅದರಲ್ಲೇ ಹರಳುಗಟ್ಟಬೇಕು. ಕೆಲವೇ ವರ್ಷಗಳಲ್ಲಿ ಇಟ್ಟಿಗೆಯ ಮುಖ ಹಪ್ಪಳದಂತೆ ಎದ್ದು ಬರುತ್ತದೆ. ಸುತ್ತಲಿನ ಸಿಮೆಂಟು ಮಾತ್ರ ಇಟ್ಟಿಗೆಯಿಲ್ಲದ ಜೇನುಗೂಡಿನಂತೆ ಹಾಗೇ ನಿಂತಿರುತ್ತದೆ.

ಅರಳಿ ಗಿಡದ್ದು ಇನ್ನೂ ಸುಲಭ. ಸಾಹೇಬರು ಬರುವ ಹಿಂದಿನ ದಿನ ಬುಡಕ್ಕೆ ಸವರಿದರೆ ಫೋಟೋದಲ್ಲಿ ಗೋಡೆ ಸ್ವಚ್ಛ. ಬೇರು ಒಳಗೆ ಜೀವಂತ, ಒಂದಿದ್ದ ಕಡೆ ನಾಲ್ಕು ಚಿಗುರು. ಇನ್ನೂ ಉತ್ಸಾಹಿಗಳು ಹಗ್ಗ ಕಟ್ಟಿ ಬೇರನ್ನು ಎಳೆಯುತ್ತಾರೆ. ಬೇರಿನ ಜೊತೆ ನಾಲ್ಕು ಸಾಲು ಕಲ್ಲೂ ಬರುತ್ತದೆ. ಕಲ್ಲಿಗೆ ನಂಬರು ಬರೆದು, ಬಿಚ್ಚಿ, ಬೇರು ತೆಗೆದು ಮತ್ತೆ ಅದೇ ಸಾಲಿನಲ್ಲಿ ಕೂರಿಸುವ ಕ್ರಮವೊಂದಿದೆ. ಅದನ್ನು ಬಲ್ಲ ಕಲ್ಲುಕುಟಿಗರನ್ನು, ಎಲ್ಲರಿಗಿಂತ ಕಡಿಮೆ ದರ ಹೇಳಿದವನಿಗೇ ಕೆಲಸ ಕೊಡುವ ಎಲ್‌-1 ಟೆಂಡರಿನಲ್ಲಿ ಹುಡುಕುವುದು ಮಾತ್ರ ನಿಧಿ ಹುಡುಕಿದಷ್ಟೇ ಕಷ್ಟ.

ನಿಧಿ ಎಂದ ಕೂಡಲೇ ರಾತ್ರಿ ಪಾಳಿಯವರು ನೆನಪಾಗುತ್ತಾರೆ. ಅಮಾವಾಸ್ಯೆ, ನಿಂಬೆಹಣ್ಣು, ಅಂಜನ ಹಾಕುವವನೊಬ್ಬ, ಹಾರೆ, ಗುದ್ದಲಿ. ಬುರುಜಿನ ಬುಡದಲ್ಲಿ ಆರಡಿ ತೋಡಿದರೆ ಸಿಗುವುದು ಬುರುಜಿನ ಪಾಯ. ನಂದಿಯ ಹೊಟ್ಟೆ ಸೀಳಿದರೆ ಕಲ್ಲು, ಇನ್ನೂ ಸೀಳಿದರೆ ಇನ್ನಷ್ಟು ಕಲ್ಲು. ಲೆಕ್ಕ ಸರಳವಾಗಿದೆ. ದುರ್ಗ ಗೆದ್ದ ನವಾಬರು ಬರಿಗೈಲಿ ಶ್ರೀರಂಗಪಟ್ಟಣಕ್ಕೆ ಹೋಗಿರಲಾರರು. 1799ರಲ್ಲಿ ಶ್ರೀರಂಗಪಟ್ಟಣ ಲೂಟಿ ಹೊಡೆದ ಇಂಗ್ಲಿಷರಂತೂ ಟಿಪ್ಪುವಿನ ಮರದ ಹುಲಿಯನ್ನೂ ಬಿಡದೆ ಹೊತ್ತುಕೊಂಡು ಹೋದರು. ಅಗೆಯಲೇಬೇಕಿದ್ದರೆ ಲಂಡನ್ನಿನಲ್ಲಿ ಅಗೆಯಬೇಕು. ಅವರೇ 1878ರಲ್ಲಿ ಬರೆದ ಕಾಯ್ದೆಯಲ್ಲಿ, ನೆಲದಲ್ಲಿ ಹುದುಗಿದ್ದು 10 ರೂಪಾಯಿಗಿಂತ ಹೆಚ್ಚು ಬೆಲೆಬಾಳುವ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಎಂದಿದೆ. ಗುಂಡಿಯಲ್ಲಿ ಬಿಟ್ಟುಹೋದ ಗುದ್ದಲಿಗೆ ಇವತ್ತು ಅದಕ್ಕಿಂತ ಜಾಸ್ತಿ.

ಕೊನೆಗೊಂದು ಜುಲೈ ರಾತ್ರಿ, ಮೂವತ್ತಡಿ ಗೋಡೆ ಪಾಯಿಂಟಿಂಗ್ ಸಮೇತ ಮಲಗುತ್ತದೆ. ಕಡತದಲ್ಲಿ ಕಾರಣ: ಅತಿವೃಷ್ಟಿ. ಹೊಸ ಎಸ್ಟಿಮೇಟ್ ಸಿದ್ಧವಾಗುತ್ತದೆ. ಈ ಸಲ ಒಂದಕ್ಕೆ ಮೂರು.