ಯಾವಾಗ ಬಂದೆ ಅಂತ ಯಾರೂ ಕೇಳಲಿಲ್ಲ

ನಮ್ಮ ಪಕ್ಕದ ಮನೆಯ ಅಜ್ಜಿ ತಮ್ಮ ಗಂಡನನ್ನು ನಿದ್ದೆಯಿಂದ ಎಬ್ಬಿಸುವಾಗ ಮಂಚದ ಕಾಲ ಕಡೆ ನಿಲ್ಲುತ್ತಾರೆ. ಮೊದಲು ಹೆಸರು ಕರೆಯುತ್ತಾರೆ. ಏಳದಿದ್ದರೆ ಕಾಲಿನ ಹೆಬ್ಬೆರಳು ಮುಟ್ಟಿ, ತಕ್ಷಣ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಭುಜ ಮುಟ್ಟುವುದಿಲ್ಲ. ಮದುವೆಯಾದ ಹೊಸತರಲ್ಲಿ, 1972ರಲ್ಲಿ, ಒಮ್ಮೆ ಭುಜ ಅಲುಗಿಸಿ ಎಬ್ಬಿಸಿದ್ದರಂತೆ. ಕಣ್ಣು ಬಿಡುವ ಮೊದಲೇ ಅವರ ಕೈ ಇವರ ಕುತ್ತಿಗೆ ಹಿಡಿದಿತ್ತು. ಎಚ್ಚರವಾದ ಮೇಲೆ ಅವರು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ತುಂಬ ಹೊತ್ತು ಅತ್ತರಂತೆ. ಅಂದಿನಿಂದ ಇಂದಿನವರೆಗೂ ಹೆಬ್ಬೆರಳೇ.

ಇದನ್ನು ಬರೆಯಲಾ ಎಂದು ಇಬ್ಬರನ್ನೂ ಕೇಳಿದ್ದೇನೆ. ಹೆಸರು ಬೇಡ, ಬರೆ ಎಂದರು.

ನಾವಿರುವುದು ವರ್ಜೀನಿಯಾದ ಉತ್ತರ ಭಾಗದಲ್ಲಿ, ವಾಷಿಂಗ್ಟನ್ನಿಗೆ ಹತ್ತಿರ. ಈ ಅಜ್ಜ ಅಜ್ಜಿಯ ಪಕ್ಕದಲ್ಲಿ ಒಂಬತ್ತು ವರ್ಷದಿಂದ ಇದ್ದೇವೆ. ನಮ್ಮ ಮಗನಿಗೆ ಸೈಕಲ್ ಕಲಿಸಿದ್ದು ಈ ಅಜ್ಜನೇ. ಆದರೂ ಅವರು ವಿಯೆಟ್ನಾಂನಲ್ಲಿ ಸೈನಿಕರಾಗಿದ್ದರು ಎಂದು ನನಗೆ ಗೊತ್ತಾದದ್ದು 2025ರಲ್ಲಿ. ಆ ವರ್ಷ ಯುಗಾದಿ ಮಾರ್ಚ್ 29ರ ಆಸುಪಾಸಿಗೇ ಬಂದಿತ್ತು. 1973ರ ಮಾರ್ಚ್ 29ರಂದು ಅಮೆರಿಕದ ಕೊನೆಯ ಯುದ್ಧಪಡೆ ವಿಯೆಟ್ನಾಂ ಬಿಟ್ಟು ಹೊರಟಿತು. ಇಲ್ಲಿ ಆ ದಿನವನ್ನು ಆ ಯುದ್ಧದ ಸೈನಿಕರ ದಿನವೆಂದು ಆಚರಿಸುತ್ತಾರೆ. ಹೋಳಿಗೆ ಕೊಡಲು ಹೋದೆ. ಟಿವಿಯಲ್ಲಿ ಅದೇ ಸುದ್ದಿ. ಅವರ ಕೋಟಿನ ಮೇಲೊಂದು ಸಣ್ಣ ಪಿನ್ ಇತ್ತು. ನಾನೂ ಎಲ್ಲರ ಹಾಗೆ, "ನಿಮ್ಮ ಸೇವೆಗೆ ಧನ್ಯವಾದ" ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು.

ಅಜ್ಜಿ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು ಕೂರಿಸಿಕೊಂಡರು. ಹೆಬ್ಬೆರಳಿನ ಕಥೆ ಕೇಳಿದ್ದು ಅಲ್ಲೇ. ಕೊನೆಗೆ ಹೇಳಿದರು: "ಅವರಿಗೆ ಥ್ಯಾಂಕ್ಸ್ ಹೇಳಿದವರು ಈಗೀಗ ಜಾಸ್ತಿ ಆಗಿದ್ದಾರೆ. ನೀನು ಹೇಗಿದ್ದೀಯ ಅಂತ ನನ್ನನ್ನು ಈವರೆಗೆ ಯಾರೂ ಕೇಳಿಲ್ಲ."

ಆ ಮಾತು ನನ್ನನ್ನು ಬಿಟ್ಟಿಲ್ಲ.

ಎರಡನೇ ಮಹಾಯುದ್ಧದಿಂದ ವಾಪಸಾದವರು ಹಡಗಿನಲ್ಲಿ, ಜೊತೆಯವರ ಸಂಗಡ, ಎಷ್ಟೋ ದಿನ ಮಾತಾಡಿಕೊಂಡು ಬಂದರು. ವಿಯೆಟ್ನಾಂ ಹಾಗಲ್ಲ. ಒಬ್ಬೊಬ್ಬರಿಗೂ ಅವರವರದೇ ಅವಧಿ. ಸಾಮಾನ್ಯವಾಗಿ ಹನ್ನೆರಡು ತಿಂಗಳು, ಮರೀನ್ ಪಡೆಯವರಿಗೆ ಹದಿಮೂರು. ಹೆಚ್ಚಿನವರು ಹೋಗುವಾಗಲೂ ಒಂಟಿ, ಬರುವಾಗಲೂ ಒಂಟಿ. ಅದೂ ವಿಮಾನದಲ್ಲಿ. "ಗುರುವಾರ ಗದ್ದೆಯ ಕೆಸರಿನಲ್ಲಿದ್ದೆ, ಶನಿವಾರ ಅಮ್ಮನ ಅಡುಗೆಮನೆಯಲ್ಲಿದ್ದೆ" ಎಂದರು ಅಜ್ಜ. ಆಗ ಅವರಿಗೆ 21 ವರ್ಷ. ಜನ ಬೈದರಾ ಎಂದು ಕೇಳಿದೆ. ಇಲ್ಲ ಎಂದರು. ಯಾರೂ ಬೈಯಲಿಲ್ಲ, ಯಾರೂ ಏನೂ ಕೇಳಲೂ ಇಲ್ಲ. ಅಪ್ಪ ಪೇಪರ್ ಓದುತ್ತಿದ್ದವರು ತಲೆ ಎತ್ತಿ, ಕಾರಿಗೆ ಆಯಿಲ್ ಹಾಕಿಸಬೇಕು ಎಂದರಂತೆ.

ನಮ್ಮೂರಿನಲ್ಲಿ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಹತ್ತು ಜನ ಕೇಳುತ್ತಾರೆ. ಯಾವಾಗ ಬಂದೆ? ಎಷ್ಟು ದಿನ ಇರ್ತೀಯ? ಊಟ ಆಯ್ತಾ? ಚಿಕ್ಕವಳಿದ್ದಾಗ ನನಗದು ಕಿರಿಕಿರಿ ಅನ್ನಿಸುತ್ತಿತ್ತು. ಈಗ ಅನ್ನಿಸುತ್ತದೆ, ನೀನು ಬಂದದ್ದನ್ನು ನಾವು ನೋಡಿದೆವು ಅಂತ ಊರು ಹೇಳುವ ರೀತಿ ಅದು. ಈ ಹುಡುಗರಿಗೆ ಅದು ಸಿಗಲಿಲ್ಲ. ವಿಯೆಟ್ನಾಂಗೆ ಹೋಗಿ ಬಂದವರು ಸುಮಾರು 27 ಲಕ್ಷ ಅಮೆರಿಕನ್ನರು. ಅಷ್ಟು ಮನೆಗಳ ಬಾಗಿಲಲ್ಲಿ ಎಷ್ಟು ಕಡೆ ಹೀಗೇ ಮೌನ ಇದ್ದಿರಬಹುದು, ಯೋಚಿಸಿ.

ಆ ಯುದ್ಧ ತಪ್ಪು ಎಂದೇ ನಾನು ನಂಬುತ್ತೇನೆ. ಸತ್ತ ವಿಯೆಟ್ನಾಮಿಗಳ ಲೆಕ್ಕ ಲಕ್ಷಗಳಲ್ಲಿದೆ. ಅದನ್ನು ಮರೆತು ಯಾರನ್ನೂ ಹೊಗಳಬೇಕಾಗಿಲ್ಲ. ಆದರೆ ಯುದ್ಧ ಬೇಡವಾಗಿತ್ತು ಎನ್ನುವುದಕ್ಕೂ, ಅಲ್ಲಿಂದ ಬಂದ ಇಪ್ಪತ್ತೊಂದರ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸುವುದಕ್ಕೂ ಏನು ಸಂಬಂಧ? ಜನ ಎರಡನ್ನೂ ಒಂದೇ ಮಾಡಿಬಿಟ್ಟರು.

ಕೊನೆಗೆ ಆ ಸೈನಿಕರೇ ಒಬ್ಬರನ್ನೊಬ್ಬರು ಬರಮಾಡಿಕೊಂಡರು. 1970ರಲ್ಲಿ ನ್ಯೂಯಾರ್ಕಿನಲ್ಲಿ, ಯುದ್ಧವನ್ನು ವಿರೋಧಿಸುತ್ತಿದ್ದ ಮಾಜಿ ಸೈನಿಕರು ಸುತ್ತ ಕೂತು ಸುಮ್ನೆ ಮಾತಾಡಲು ಶುರುಮಾಡಿದರು. ರಾಬರ್ಟ್ ಜೇ ಲಿಫ್ಟನ್ ಮತ್ತು ಹೈಮ್ ಶಾಟನ್ ಎಂಬ ಮನೋವೈದ್ಯರು ಅವರ ಜೊತೆ ಕೂತರು, ಡಾಕ್ಟರ ಗತ್ತು ಬದಿಗಿಟ್ಟು. ಅವರ ಹಾಗೂ ಇನ್ನೂ ಹಲವರ ಹೋರಾಟದಿಂದ 1980ರಲ್ಲಿ ಪಿಟಿಎಸ್‌ಡಿ ಎಂಬ ಹೆಸರು, ಅಂದರೆ ದೊಡ್ಡ ಆಘಾತದ ನಂತರ ಮನಸ್ಸನ್ನು ಕಾಡುವ ಕಾಯಿಲೆ, ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿತು. ಅಜ್ಜಿಗೆ ಹೆಬ್ಬೆರಳಿನ ಉಪಾಯ ಹೊಳೆದು ಆಗ ಎಂಟು ವರ್ಷವಾಗಿತ್ತು. 1979ರ ಕಾನೂನಿನಿಂದ ಮಾಜಿ ಸೈನಿಕರಿಗೆ ಸಲಹೆ ಕೊಡುವ ವೆಟ್ ಸೆಂಟರ್‌ಗಳು ಬಂದವು. ಆಸ್ಪತ್ರೆಯ ವಾಸನೆ ಇಲ್ಲದ, ಅಂಗಡಿ ಸಾಲಿನ ಪುಟ್ಟ ಜಾಗಗಳು. ಒಳಗೆ ಕೂತು ಮಾತಾಡಿಸುವವರಲ್ಲಿ ಎಷ್ಟೋ ಜನ ತಾವೇ ಯುದ್ಧ ನೋಡಿದವರು. ಇವತ್ತು ಅಲ್ಲಿ ಹೆಂಡತಿ ಮಕ್ಕಳಿಗೂ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ಅಜ್ಜಿಗೆ ಇದು ಗೊತ್ತಿರಲಿಲ್ಲ. ಅದು ಗಂಡನಿಗೆ ಮಾತ್ರ ಎಂದುಕೊಂಡು, ಅಜ್ಜ ಒಳಗೆ ಹೋದಾಗ ಕಾರಿನಲ್ಲೇ ಕೂತು ಕಾಯುತ್ತಿದ್ದರಂತೆ, ವರ್ಷಗಟ್ಟಲೆ.

ಆ ಪೀಳಿಗೆಯವರು ಎದುರಾದಾಗ ಒಬ್ಬರಿಗೊಬ್ಬರು ಹೇಳುವುದು ಒಂದೇ ಮಾತು: ವೆಲ್ಕಮ್ ಹೋಮ್. ತರಕಾರಿ ಅಂಗಡಿಯ ಪಾರ್ಕಿಂಗ್‌ನಲ್ಲಿ ಅದನ್ನು ಕಣ್ಣಾರೆ ಕಂಡೆ. ಅಜ್ಜನ ಟೋಪಿ ನೋಡಿ, ಕೋಲು ಹಿಡಿದಿದ್ದ ಇನ್ನೊಬ್ಬರು ನಿಂತರು. ಗುರುತು ಪರಿಚಯ ಏನೂ ಇಲ್ಲ. ಕೈ ಹಿಡಿದರು, ಆ ಎರಡು ಪದ ಹೇಳಿದರು, ಸ್ವಲ್ಪ ಹೊತ್ತು ಬಿಡಲಿಲ್ಲ. ಮನೆಗೆ ಬಂದು ಐವತ್ತು ವರ್ಷ ದಾಟಿದವರು ಅವರು.

ಕಳೆದ ಬೇಸಿಗೆಯಲ್ಲಿ ನಾಲ್ವರೂ ವಾಷಿಂಗ್ಟನ್ನಿನ ಗೋಡೆ ನೋಡಲು ಹೋದೆವು. ವಿಯೆಟ್ನಾಂ ಯೋಧರ ಸ್ಮಾರಕ. ಗಾಯಗೊಂಡು ಬಂದಿದ್ದ ಜ್ಯಾನ್ ಸ್ಕ್ರಗ್ಸ್ ಎಂಬ ಸೈನಿಕ ಹಟ ಹಿಡಿದು, ಜನರಿಂದ ಹಣ ಎತ್ತಿ ಕಟ್ಟಿಸಿದ್ದು. ವಿನ್ಯಾಸ ಮಾಡಿದಾಗ ಮಾಯಾ ಲಿನ್‌ಗೆ 21 ವರ್ಷ, ಇನ್ನೂ ವಿದ್ಯಾರ್ಥಿನಿ. 1982ರ ನವೆಂಬರ್ 13ರಂದು ಅರ್ಪಣೆಯಾಯಿತು. 58,000ಕ್ಕೂ ಹೆಚ್ಚು ಹೆಸರು. ಎಂಟು ಹೆಂಗಸರದೂ ಇವೆ, ಎಲ್ಲರೂ ನರ್ಸುಗಳು. ಹುದ್ದೆ ಇಲ್ಲ. ಮಡಿದ ದಿನದ ಕ್ರಮ. ಹಾಗಾಗಿ ಒಂದೇ ದಿನ ಸತ್ತ ಗೆಳೆಯರು ಹತ್ತಿರ ಹತ್ತಿರವೇ ಇರುತ್ತಾರೆ. ಪಶ್ಚಿಮದ ಗೋಡೆಯಲ್ಲಿ ಅಜ್ಜ ಒಂದು ಹೆಸರು ಹುಡುಕಿ ಕಾಗದ ಒತ್ತಿ ಹಿಡಿದರು. ನನ್ನ ಮಗ ಅದರ ಮೇಲೆ ಪೆನ್ಸಿಲ್ ಉಜ್ಜಿದ. ಹೆಸರು ಮೂಡಿತು.

ಆ ಕಪ್ಪು ಕಲ್ಲು ಕನ್ನಡಿಯಂತೆ ಹೊಳೆಯುತ್ತದೆ. ಹೆಸರುಗಳ ನಡುವೆ ನಮ್ಮ ನಾಲ್ಕು ಮುಖಗಳೂ ಕಾಣುತ್ತಿದ್ದವು. ಆ ಕಲ್ಲು ನಮ್ಮ ಬೆಂಗಳೂರಿನದು. ಹೌದು, ಆ ಗ್ರಾನೈಟ್ ತೆಗೆದದ್ದು ಬೆಂಗಳೂರಿನ ಕಡೆ. ವರ್ಮಾಂಟಿನಲ್ಲಿ ಕತ್ತರಿಸಿ, ಮೆಂಫಿಸ್‌ನಲ್ಲಿ ಹೆಸರು ಕೆತ್ತಿ ಇಲ್ಲಿ ನಿಲ್ಲಿಸಿದರು. ಅಜ್ಜನಿಗೆ ಹೇಳಿದೆ. ಅವರು ಅಂಗೈಯನ್ನು ಪೂರ್ತಿ ಕಲ್ಲಿನ ಮೇಲಿಟ್ಟು ಕೇಳಿದರು, "ಇದನ್ನು ಒಡೆದವರಿಗೆ ಗೊತ್ತಾ, ಇದು ಎಲ್ಲಿಗೆ ಬಂತು ಅಂತ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕಡೆಯ ಕಲ್ಲುಕ್ವಾರಿಯಲ್ಲಿ ದುಡಿದವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಹೇಳಿ. ಅಜ್ಜನಿಗೆ ತಿಳಿಸಬೇಕು.

ಗೋಡೆಯಲ್ಲಿ ಇಲ್ಲದ ಹೆಸರುಗಳೂ ಇವೆ. ಮನೆಗೆ ಬಂದ ಮೇಲೆ ಕ್ಯಾನ್ಸರ್‌ನಿಂದ, ಕುಡಿತದಿಂದ, ತಾವೇ ಜೀವ ಕಳೆದುಕೊಂಡು ಹೋದವರು. 1962ರಿಂದ 1971ರವರೆಗೆ ಕಾಡಿನ ಎಲೆ ಉದುರಿಸಲು ವಿಷ ಸುರಿದರಲ್ಲ, ಅದರಲ್ಲಿ ಏಜೆಂಟ್ ಆರೆಂಜ್ ಎಂಬುದು ಡಯಾಕ್ಸಿನ್ ಎಂಬ ಘೋರ ವಿಷ ಬೆರೆತದ್ದು. ವಿಯೆಟ್ನಾಮಿನ ಹಳ್ಳಿಗಳು ಇವತ್ತಿಗೂ ಅದನ್ನು ಅನುಭವಿಸುತ್ತಿವೆ. ಈ ಸೈನಿಕರ ಕಾಯಿಲೆಗಳಿಗೂ ಅದಕ್ಕೂ ನಂಟಿದೆ ಎಂದು ಒಪ್ಪುವ ಕಾನೂನು ಬಂದದ್ದು 1991ರಲ್ಲಿ. ಅಜ್ಜನಿಗಿರುವ ಬಿಪಿ ಆ ಕಾಯಿಲೆಗಳ ಪಟ್ಟಿ ಸೇರಿದ್ದು 2022ರಲ್ಲಿ! ಅಷ್ಟು ವರ್ಷ ಮಾತ್ರೆ ಡಬ್ಬಿ ತುಂಬಿಸಿ, ಫಾರಂ ತುಂಬಿಸಿ, ಕಚೇರಿಗಳಿಗೆ ಅಲೆದದ್ದು ಯಾರು? ಅಜ್ಜಿ. ಅಪ್ಪ ಮೆಟ್ಟಿಲು ಹತ್ತುವ ಸದ್ದಿನಲ್ಲೇ ಇವತ್ತು ಮಾತಾಡಿಸಬಹುದಾ ಬೇಡವಾ ಎಂದು ತಿಳಿಯುತ್ತಿತ್ತು ಎಂದಳು ಅವರ ಮಗಳು. ಅವಳಿಗೀಗ ಐವತ್ತು. ಇನ್ನು ಅಪ್ಪನನ್ನೇ ಕಾಣದ ಮಕ್ಕಳಿದ್ದಾರೆ. ಫಾದರ್ಸ್ ಡೇ ಬಂದರೆ ಅವರಲ್ಲಿ ಕೆಲವರು ಇದೇ ಗೋಡೆಯ ಹತ್ತಿರ ಸೇರುತ್ತಾರೆ.

ಫಾಲ್ಸ್ ಚರ್ಚ್‌ನ ಈಡನ್ ಸೆಂಟರ್‌ಗೆ ಇಲ್ಲಿನ ಕನ್ನಡಿಗರಲ್ಲಿ ತುಂಬ ಜನ ಹೋಗಿರುತ್ತೀರಿ, ವಿಯೆಟ್ನಾಮಿಗಳ ಅಂಗಡಿಗಳಿರುವ ಜಾಗ ಅದು. ಮೂರು ಕೆಂಪು ಪಟ್ಟಿಯ ಹಳದಿ ಬಾವುಟ ಹಾರುತ್ತದಲ್ಲ, ಅದು ಈಗ ಇಲ್ಲದ ದಕ್ಷಿಣ ವಿಯೆಟ್ನಾಂ ದೇಶದ್ದು. ಅಲ್ಲಿ ಕಾಫಿ ಹಿಡಿದು ಕೂತಿರುವ ಮುದುಕರಲ್ಲಿ ಆ ಸೈನ್ಯದಲ್ಲಿದ್ದವರೂ ಇದ್ದಾರೆ. ಸೋತ ಮೇಲೆ ಅಂಥ ಎಷ್ಟೋ ಜನರನ್ನು ಶಿಬಿರಗಳಲ್ಲಿ ವರ್ಷಗಟ್ಟಲೆ ಕೂಡಿಹಾಕಿದ್ದರು. ಅವರಿಗೆ ವಾಪಸ್ ಹೋಗಲು ದೇಶವೇ ಉಳಿಯಲಿಲ್ಲ. ಅವರೂ ಇದೇ ಯುದ್ಧದ ಸೈನಿಕರೇ ಅಲ್ವಾ? ಅಜ್ಜ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಾರೆ. ಅಂಥ ಒಬ್ಬರ ಎದುರು ಕೂರುತ್ತಾರೆ. ಮಾತು ಕಮ್ಮಿ.

ಈ ಪೀಳಿಗೆಯಲ್ಲಿ ಚಿಕ್ಕವರಿಗೂ ಈಗ ಎಪ್ಪತ್ತರ ಆಸುಪಾಸು. ನಮಗೆ ಹೆಚ್ಚು ಕಾಲ ಇಲ್ಲ. ಅಮೆರಿಕದಲ್ಲಿರುವ ಕನ್ನಡಿಗರೇ, ನಿಮ್ಮ ಬೀದಿಯಲ್ಲೂ ಇಂಥ ಒಂದು ಮನೆ ಇರಬಹುದು. ಯಾರನ್ನಾದರೂ ಕೊಂದಿದ್ದೀರಾ ಎಂದು ಮಾತ್ರ ಕೇಳಬೇಡಿ. ಮಕ್ಕಳಿಗೂ ಹೇಳಿಕೊಡಿ. ಯಾವಾಗ ಬಂದಿರಿ, ಬಂದಾಗ ಮನೆಯಲ್ಲಿ ಯಾರಿದ್ದರು ಎಂದು ಕೇಳಿ. ಆಮೇಲೆ ಹೆಂಡತಿಯ ಕಡೆ ತಿರುಗಿ ನೀವು ಹೇಗಿದ್ದೀರಿ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕೂತಿರಿ.

ಈ ಮಾರ್ಚ್ 29 ಭಾನುವಾರ. ನಮ್ಮ ಮನೆಯಲ್ಲಿ ಊಟ. ಅಜ್ಜ ಅಜ್ಜಿ, ಅವರ ಮಗಳು, ಅಜ್ಜನ ಗುಂಪಿನ ಮೂವರು ಮಾಜಿ ಸೈನಿಕರು ತಮ್ಮ ತಮ್ಮ ಹೆಂಡತಿಯರ ಜೊತೆ, ಹೋದ ವರ್ಷ ಗಂಡನನ್ನು ಕಳೆದುಕೊಂಡ ಒಬ್ಬರು. ಬಿಸಿಬೇಳೆ ಬಾತ್‌ಗೆ ಉಪ್ಪು ಕಮ್ಮಿ. ಬಾಗಿಲು ಕಾಣುವ ಹಾಗೆ, ಗೋಡೆಗೆ ಬೆನ್ನು ಕೊಟ್ಟು ಕೂರುವ ನಾಲ್ಕು ಕುರ್ಚಿ ಗಂಡಸರಿಗೆ. ಅಜ್ಜಿ ಅಡುಗೆಮನೆಯಲ್ಲಿ ನನ್ನ ಪಕ್ಕ. ಹತ್ತಿರದಲ್ಲಿರುವವರು ಬರುವುದಾದರೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ, ಇನ್ನೂ ನಾಲ್ಕು ಜನರಿಗೆ ಜಾಗ ಇದೆ.